ವಾದ್ಯವೃಂದದ ವ್ಯಾಖ್ಯಾನಕಾರ

ಕುಮಾರವ್ಯಾಸ ಭಾರತದ ವಾಚನವನ್ನು ಕೇಳಿದವರೆಲ್ಲರಿಗೂ ಅದರ ಪದ್ಧತಿಯು ಚಿರಪರಿಚಿತವಾದುದು. ಗಮಕಿಯು ಒಂದು ಪದ್ಯವನ್ನು ರಾಗವಾಗಿ ಓದಿ ನಿಲ್ಲಿಸುತ್ತಾನೆ. ಪಕ್ಕದಲ್ಲಿ ಕುಳಿತ ವ್ಯಾಖ್ಯಾನಕಾರನು ಅದರ ಅರ್ಥವನ್ನೂ ಸ್ವಾರಸ್ಯವನ್ನೂ ಬಿಡಿಸಿ ಹೇಳುತ್ತಾನೆ. ಮರಳಿ ಗಮಕಿಯು ಮುಂದಿನ ಪದ್ಯವನ್ನೆತ್ತಿಕೊಳ್ಳುತ್ತಾನೆ. ಇಬ್ಬರೂ ಹದವರಿತವರಾದರೆ ಇವರಲ್ಲಿ ಯಾರು ಹೆಚ್ಚೆಂಬ ಪ್ರಶ್ನೆಯೇ ಕೇಳುವವರ ಮನಸ್ಸಿನಲ್ಲಿ ಹುಟ್ಟದು. ವ್ಯಾಖ್ಯಾನಕಾರನು ಹದ ತಪ್ಪಿದಾಗ ಮಾತ್ರ ನಮಗೆ ಫಕ್ಕನೆ ಎಚ್ಚರವಾಗುತ್ತದೆ. ಒಮ್ಮೆ ಒಂದು ದೇವಸ್ಥಾನದ ಪ್ರಾಂಗಣದಲ್ಲಿ ವ್ಯಾಖ್ಯಾನಕಾರರು ಒಂದೇ ಪದ್ಯಕ್ಕೆ ಮುಕ್ಕಾಲು ಗಂಟೆ ಮಾತನಾಡಿದುದನ್ನೂ, ಅಷ್ಟು ಹೊತ್ತೂ ಗಮಕಿಗಳು ಪುಸ್ತಕದ ಮೇಲೆ ಕೈಯಿಟ್ಟು ಕಣ್ಣುಮುಚ್ಚಿ ಕುಳಿತಿದ್ದುದನ್ನೂ ನಾನು ಕಂಡಿದ್ದೇನೆ. ಪದ್ಯವು ಯಾವುದೆಂಬುದು ಈಗ ನೆನಪಿಲ್ಲ; ಆ ಮುಚ್ಚಿದ ಕಣ್ಣುಗಳು ನೆನಪಿವೆ.

ಕಾವ್ಯಕ್ಕೆ ವ್ಯಾಖ್ಯಾನವು ಬೇಕೆಂದು ಒಪ್ಪುವವರೂ ಸಂಗೀತಕ್ಕೆ ಅದು ಸಲ್ಲದೆನ್ನುತ್ತಾರೆ. ರಾಗಕ್ಕೆ ಮಾತೇಕೆ, ಬಲ್ಲವನಿಗೆ ಅದು ಬೇಕಿಲ್ಲ, ಅರಿಯದವನಿಗೆ ಹೇಳಿ ಫಲವಿಲ್ಲ ಎಂಬುದು ಅವರ ವಾದ. ನಮ್ಮ ವಿದ್ವಾಂಸರಲ್ಲಿ ಮಾತ್ರವಲ್ಲ, ಪಶ್ಚಿಮದ ಸಂಗೀತಗಾರರಲ್ಲಿಯೂ ಈ ಮತದವರು ಬಹು ಮಂದಿ. ಈ ಮತಕ್ಕೆ ಕಳೆದ ಶತಮಾನದಲ್ಲಿ ದೊರೆತ ಪ್ರತ್ಯುತ್ತರಗಳಲ್ಲಿ ಅತ್ಯಂತ ದೊಡ್ಡದು ಅಮೆರಿಕದ ಲಿಯೋನಾರ್ಡ್ ಬರ್ನ್‌ಸ್ಟೈನನ (1918–1990) ಜೀವನವೆಂದು ನನ್ನ ಭಾವನೆ. ಆತನು ವೃಂದನಾಯಕನು, ಸಂಗೀತಕರ್ತನು, ಪಿಯಾನೊ ವಾದಕನು. ಇವೆಲ್ಲದರ ಜೊತೆಗೆ ಲಕ್ಷಾಂತರ ಜನರಿಗೆ ಸಂಗೀತದ ವಿಷಯವಾಗಿ ಮಾತನಾಡಿದ ಉಪನ್ಯಾಸಕನು. ಆತನ ಉಪನ್ಯಾಸಗಳನ್ನು ಮುಖ್ಯ ಕಾರ್ಯದ ಪಕ್ಕದಲ್ಲಿ ಬೆಳೆದ ಒಂದು ಹವ್ಯಾಸವೆಂದೂ, ಜನಪ್ರಿಯತೆಯ ಆಸೆಯೆಂದೂ ಎಣಿಸುವವರುಂಟು. ನಾನು ಹಾಗೆ ಎಣಿಸಲಾರೆ. ವೃಂದವನ್ನು ನಡೆಸಿದುದೂ ಜನರೊಡನೆ ಮಾತನಾಡಿದುದೂ ಆತನಿಗೆ ಒಂದೇ ಕೆಲಸವಾಗಿದ್ದಿತು. ಆ ಕೆಲಸವು ಎಲ್ಲಿ ಫಲಿಸಿತು, ಎಲ್ಲಿ ಕೆಟ್ಟಿತು ಎಂಬುದೇ ವಿಚಾರಮಾಡತಕ್ಕ ಸಂಗತಿ.

ವೃಂದನಾಯಕನೆಂದರೆ ಯಾರೆಂಬುದನ್ನು ನಮ್ಮ ವಾಚಕರಿಗೆ ಸ್ವಲ್ಪ ಹೇಳಬೇಕು. ನಮ್ಮ ಕಚೇರಿಯಲ್ಲಿ ಹಾಡುವವನೇ ನಾಯಕ. ಪಿಟೀಲು ಮೃದಂಗಗಳು ಅವನನ್ನು ಅನುಸರಿಸುತ್ತವೆ. ಪಶ್ಚಿಮದ ದೊಡ್ಡ ವಾದ್ಯವೃಂದದಲ್ಲಿ ನೂರು ಮಂದಿ ವಾದಕರಿದ್ದು, ಒಬ್ಬೊಬ್ಬನ ಮುಂದೆಯೂ ಅವನ ಪಾಲಿನ ಸ್ವರಗಳನ್ನು ಮಾತ್ರ ಬರೆದ ಹಾಳೆಯಿರುತ್ತದೆ. ಸಮಗ್ರ ಕೃತಿಯ ಲಿಪಿಯಿರುವುದು ನಾಯಕನೊಬ್ಬನ ಮುಂದೆ. ಅವನು ಹಾಡುವುದಿಲ್ಲ, ಬಾರಿಸುವುದಿಲ್ಲ; ಕೈಯಲ್ಲಿ ಸಣ್ಣ ಕೋಲೊಂದನ್ನು ಹಿಡಿದು ಕಾಲವನ್ನು ತೋರಿಸುತ್ತಾನೆ, ಯಾವ ವಾದ್ಯವು ಎಷ್ಟು ಏರಬೇಕು ಎಷ್ಟು ಇಳಿಯಬೇಕು ಎಂಬುದನ್ನು ಕಣ್ಣು ಕೈಗಳಿಂದಲೇ ತಿಳಿಸುತ್ತಾನೆ. ನಮ್ಮಲ್ಲಿ ಅವನಿಗೆ ಹತ್ತಿರದ ನೆಂಟನು ಯಕ್ಷಗಾನದ ಭಾಗವತ. ಭಾಗವತನು ಹಾಡುತ್ತಾನೆಂಬುದು ನಿಜವಾದ ಭೇದ. ಆದರೆ ಚೆಂಡೆ ಮದ್ದಳೆಗಳನ್ನೂ ವೇಷಧಾರಿಗಳನ್ನೂ ಅವನ ತಾಳವೇ ನಡೆಸುತ್ತದೆ. ಅಷ್ಟೇ ಅಲ್ಲ, ರಂಗಕ್ಕೆ ಬಂದ ವೇಷವನ್ನು ಯಾರು ಏನು ಎಂದು ವಿಚಾರಿಸಿ, ಸಭೆಯ ಪರವಾಗಿ ಪ್ರಶ್ನೆ ಹಾಕಿ ಉತ್ತರ ಹೊರಡಿಸುವವನೂ ಅವನೇ. ಪಶ್ಚಿಮದ ವೃಂದನಾಯಕನಿಗೆ ಈ ಎರಡನೆಯ ಅಧಿಕಾರವಿರಲಿಲ್ಲ. ಸಭೆಗೆ ಬೆನ್ನು ಮಾಡಿ ನಿಲ್ಲುವುದೇ ಅವನ ಧರ್ಮವಾಗಿದ್ದಿತು. ಬರ್ನ್‌ಸ್ಟೈನನು ಸಭೆಯ ಕಡೆಗೆ ತಿರುಗಿದನು.

ಆತನು 1918ನೆಯ ಆಗಸ್ಟ್ 25ರಂದು ಮ್ಯಾಸಚೂಸೆಟ್ಸ್ ಸಂಸ್ಥಾನದ ಲಾರೆನ್ಸ್ ಎಂಬ ಊರಿನಲ್ಲಿ, ಪೂರ್ವ ಯೂರೋಪಿನಿಂದ ವಲಸೆಬಂದ ಯೆಹೂದ್ಯ ದಂಪತಿಗಳಿಗೆ ಜನಿಸಿದನು. ತಂದೆಯು ಕೇಶಾಲಂಕಾರದ ಸಾಮಗ್ರಿಗಳ ವ್ಯಾಪಾರಿ. ಮಗನು ಸಂಗೀತಗಾರನಾಗುವುದು ಅವನಿಗೆ ಇಷ್ಟವಿರಲಿಲ್ಲ. ಹುಡುಗನಿಗೆ ಹತ್ತು ವರ್ಷವಾಗಿದ್ದಾಗ ಅತ್ತೆಯೊಬ್ಬಳ ಪಿಯಾನೊ ಅವರ ಮನೆಗೆ ಬಂದು ಸೇರಿತು. ಅಲ್ಲಿಂದ ಮುಂದೆ ತಂದೆಯ ಇಷ್ಟವು ನಡೆಯಲಿಲ್ಲ. 1939ರಲ್ಲಿ ಹಾರ್ವರ್ಡ್ ವಿದ್ಯಾಲಯದ ವ್ಯಾಸಂಗ ಮುಗಿಯಿತು. ಬಳಿಕ ಫಿಲಡೆಲ್ಫಿಯದ ಕರ್ಟಿಸ್ ಸಂಸ್ಥೆಯಲ್ಲಿ ಫ್ರಿಟ್ಸ್ ರೈನರ್, 1940ರಿಂದ ಟ್ಯಾಂಗಲ್‌ವುಡ್ಡಿನ ಬೇಸಗೆಯ ಶಾಲೆಯಲ್ಲಿ ಸರ್ಜ್ ಕುಸೆವಿಟ್ಸ್ಕಿ, ಈ ಇಬ್ಬರು ಗುರುಗಳ ಬಳಿ ಆತನು ವೃಂದನಾಯಕತ್ವವನ್ನು ಕಲಿತನು. ರೈನರನ ಕೋಲು ಅಂಗುಲಗಳ ಲೆಕ್ಕದಲ್ಲಿ ಅಲುಗುತ್ತಿತ್ತೆಂದು ಪ್ರಸಿದ್ಧಿ. ಕುಸೆವಿಟ್ಸ್ಕಿಯದು ಆವೇಶದ ಮಾರ್ಗ. ಶಿಷ್ಯನು ಒಬ್ಬರಿಂದ ಲಿಪಿಯನ್ನು ಓದುವ ನಿಷ್ಠುರತೆಯನ್ನೂ ಇನ್ನೊಬ್ಬರಿಂದ ಬೆಂಕಿಯನ್ನೂ ಪಡೆದನು.

1943ನೆಯ ನವೆಂಬರ್ 14, ಭಾನುವಾರ. ನ್ಯೂಯಾರ್ಕ್ ಫಿಲ್‌ಹಾರ್ಮೊನಿಕ್ ವೃಂದವನ್ನು ಆ ದಿನ ನಡೆಸಬೇಕಾಗಿದ್ದವನು ಬ್ರೂನೊ ವಾಲ್ಟರ್. ಅವನು ಜ್ವರದಲ್ಲಿ ಮಲಗಿದನು. ಸಹಾಯಕ ನಾಯಕನಾಗಿದ್ದ, ಇಪ್ಪತ್ತೈದು ವರ್ಷದ ಬರ್ನ್‌ಸ್ಟೈನನು ಬೆಳಿಗ್ಗೆ ವಾಲ್ಟರನ ಬಳಿಗೆ ಹೋಗಿ ಕಠಿಣವಾದ ಎಡೆಗಳನ್ನು ಕೇಳಿ ತಿಳಿದುಕೊಂಡು, ವೃಂದದೊಡನೆ ಒಂದು ತಾಲೀಮೂ ಇಲ್ಲದೆ ಮಧ್ಯಾಹ್ನ ಕಾರ್ನೆಗಿ ಸಭಾಮಂದಿರದಲ್ಲಿ ನಿಂತನು. ಕಚೇರಿಯು ರೇಡಿಯೋದ ಮೂಲಕ ದೇಶಕ್ಕೆಲ್ಲ ಕೇಳಿಸಿತು. ಮರುದಿನ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮೊದಲ ಪುಟದಲ್ಲಿ ವಾರ್ತೆ ಬಂದಿತು. ಆ ದಿನ ನುಡಿಸಿದ ಕೃತಿಗಳಲ್ಲಿ ರಿಚರ್ಡ್ ಸ್ಟ್ರಾಸನ 'ಡಾನ್ ಕಿಹೋಟೆ' ಒಂದು. ಆ ಕೃತಿಯ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಸರಿಯಾಗಿ ಹನ್ನೊಂದು ವರ್ಷಗಳ ಮೇಲೆ, 1954ರ ನವೆಂಬರ್ 14ರಂದೇ, ಆತನು 'ಆಮ್ನಿಬಸ್' ಎಂಬ ದೂರದರ್ಶನ ಕಾರ್ಯಕ್ರಮದಲ್ಲಿ ಬೇಥೋವನ್ನನ ಐದನೆಯ ಸಿಂಫೊನಿಯ ಮೊದಲ ಭಾಗವನ್ನು ಕುರಿತು ಮಾತನಾಡಿದನು. ಸುಮಾರು ಅರ್ಧ ಗಂಟೆಯ ಈ ವ್ಯಾಖ್ಯಾನವು ಆತನ ಸಮಸ್ತ ಉಪನ್ಯಾಸಗಳಲ್ಲಿ ಶ್ರೇಷ್ಠವಾದುದೆಂದು ನಾನು ತಿಳಿದಿದ್ದೇನೆ. ಆದಕಾರಣ ಇದರಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಆ ಸಿಂಫೊನಿಯು 1808ರ ಡಿಸೆಂಬರಿನಲ್ಲಿ ವಿಯೆನ್ನಾದಲ್ಲಿ ಮೊದಲು ಕೇಳಿಬಂದುದು. ಅದರ ಆರಂಭವನ್ನು ಅರಿಯದವರಿಲ್ಲ. ನಮ್ಮ ಛಂದಸ್ಸಿನ ಮಾತಿನಲ್ಲಿ ಹೇಳುವುದಾದರೆ ಮೂರು ಲಘು, ಒಂದು ಗುರು. ನಮ್ಮ ಸ್ವರಗಳಲ್ಲಿ ಹೇಳುವುದಾದರೆ ಮೂರು ಪಂಚಮ, ಮೇಲೊಂದು ಸಾಧಾರಣ ಗಾಂಧಾರ. ಇಷ್ಟೆ. ಅದಕ್ಕೂ ಮೊದಲು ಲಿಪಿಯಲ್ಲಿ ಒಂದು ಚಿಕ್ಕ ಮೌನವನ್ನು ಬರೆದಿದೆ. ತಾಳ ಬಿದ್ದ ಮೇಲೆ ಹಾಡನ್ನೆತ್ತುವ ಅನಾಗತ ಎಡುಪಿನಂತೆ ಮೊದಲ ಪೆಟ್ಟು ಮೌನಕ್ಕೆ ಬಿದ್ದು ಆಮೇಲೆ ಸ್ವರ ಹೊರಡುತ್ತದೆ. ಈ ನಾಲ್ಕು ಸ್ವರಗಳಿಗೆ ವಿಧಿಯು ಬಾಗಿಲು ತಟ್ಟಿತೆಂದೂ ಮತ್ತೊಂದೆಂದೂ ಕಥೆ ಕಟ್ಟಿದವರು ಬಹಳ. ಬರ್ನ್‌ಸ್ಟೈನನು ಕಥೆಯನ್ನು ಬದಿಗಿಟ್ಟು ಬೇರೊಂದು ದಾರಿಯನ್ನು ಹಿಡಿದನು. ಲಿಪಿಯ ಮೊದಲ ಪುಟವನ್ನು ನೆಲದ ಮೇಲೆ ಬೃಹದಾಕಾರವಾಗಿ ಬರೆಯಿಸಿ, ಒಂದೊಂದು ವಾದ್ಯದ ಸಾಲಿನ ಮೇಲೆಯೂ ಆಯಾ ವಾದಕನನ್ನು ವಾದ್ಯಸಮೇತ ನಿಲ್ಲಿಸಿದನು. ಬಳಿಕ, ಬೇಥೋವನ್ನನು ಆರಂಭಕ್ಕೆ ಬೇಡವೆಂದು ಬಿಟ್ಟ ವಾದ್ಯಗಳವರನ್ನು ಆಚೆಗೆ ಕಳುಹಿಸಿದನು. ತಂತಿವಾದ್ಯಗಳೂ ಕ್ಲ್ಯಾರಿನೆಟ್ಟುಗಳೂ ಮಾತ್ರ ಉಳಿದವು. ಕೊಳಲನ್ನು ಬೇಥೋವನ್ನನು ಮೊದಲು ಬರೆದು ಆಮೇಲೆ ಹೊಡೆದುಹಾಕಿದುದನ್ನು ಎತ್ತಿ ತೋರಿಸಿದನು. ಬರಿಯ ಮಾತಿನಲ್ಲಿ ಹೇಳಿದ್ದರೆ ಒಂದು ಗಂಟೆ ಹಿಡಿಯಬಹುದಾದ ವಾದ್ಯವಿವೇಚನೆಯನ್ನು ಆರು ವರ್ಷದ ಮಗುವೂ ಕಣ್ಣಿನಿಂದಲೇ ತಿಳಿಯುವಂತಾಯಿತು.

ಇದು ಆರಂಭ ಮಾತ್ರ. ಬೇಥೋವನ್ನನು ತನ್ನ ಕರಡು ಪುಸ್ತಕಗಳಲ್ಲಿ ಬರೆದು ಬರೆದು ತಿದ್ದುತ್ತಿದ್ದನೆಂಬುದು ಪ್ರಸಿದ್ಧವಾದ ವಿಷಯ. ಹಾಗೆ ಆತನು ಎಸೆದ ಕರಡುಗಳನ್ನು ಬರ್ನ್‌ಸ್ಟೈನನು ಹೆಕ್ಕಿ ತಂದು, ಅವುಗಳಿಗೆ ವಾದ್ಯಗಳನ್ನು ಹೊಂದಿಸಿ, ಕೃತಿಯೊಳಗೆ ಅವುಗಳ ಸ್ಥಾನದಲ್ಲಿಯೇ ಕೂಡಿಸಿ ನುಡಿಸಿದನು. ಕೇಳಿದೊಡನೆ ಮನಸ್ಸು ಮುದುಡುತ್ತದೆ. ಎಲ್ಲಿಯೋ ಒಂದು ಅಕ್ಷರ ಹೆಚ್ಚು, ಎಲ್ಲಿಯೋ ಉಸಿರು ಕಡಮೆ, ಪದ್ಯದಲ್ಲಿ ಯತಿಭಂಗವಾದಂತೆ. ಆಮೇಲೆ ಬೇಥೋವನ್ನನು ಕೊನೆಗೆ ಇರಿಸಿಕೊಂಡ ಪಾಠವನ್ನು ನುಡಿಸುತ್ತಾನೆ. ಅದು ಹೀಗಲ್ಲದೆ ಬೇರೆ ರೀತಿ ಇರಲಾರದೆಂಬ ನಂಬಿಕೆಯು ಕೇಳುವವನ ಎದೆಯಲ್ಲಿಯೇ ಹುಟ್ಟುತ್ತದೆ. ಉಪನ್ಯಾಸಕನು ಹೇಳಿದನೆಂದು ಹುಟ್ಟುವುದಲ್ಲ. ಒಂದು ಕೃತಿಯ ಗುಣವನ್ನು ಹೊಗಳಿ ತಿಳಿಸುವುದು ಸುಲಭ. ಅಲ್ಲಿರಬಹುದಾಗಿದ್ದು ಇಲ್ಲದೆ ಹೋದ ಮತ್ತೊಂದನ್ನು ಪಕ್ಕದಲ್ಲಿಟ್ಟು, ಎರಡನ್ನೂ ಕೇಳಿಸಿ, ನೀವೇ ನೋಡಿಕೊಳ್ಳಿರೆಂದು ಬಿಡುವುದು ವಿರಳವಾದ ವಿಮರ್ಶೆ. ಸಾಹಿತ್ಯವಿಮರ್ಶಕರಾದ ನಾವು ಇದನ್ನು ಎಷ್ಟು ಸಲ ಮಾಡಿದ್ದೇವೆ?

ಮಲ್ಲಿನಾಥನು ಕಾಳಿದಾಸನ ಕಾವ್ಯಗಳಿಗೆ ವ್ಯಾಖ್ಯಾನ ಬರೆಯಹೊರಟಾಗ, ಮೂಲದಲ್ಲಿ ಇಲ್ಲದುದನ್ನು ಬರೆಯೆನೆಂದು ಪ್ರತಿಜ್ಞೆ ಮಾಡಿದನಷ್ಟೆ. 1954ರ ಬರ್ನ್‌ಸ್ಟೈನನು ಆ ಪ್ರತಿಜ್ಞೆಯನ್ನು ತಿಳಿಯದೆಯೇ ಪಾಲಿಸಿದವನು. ಕರಡುಗಳು ಕೂಡ ಬೇಥೋವನ್ನನವೇ ಆದುದರಿಂದ ಆತನು ಮೂಲದಿಂದ ಹೊರಗೆ ಒಂದು ಹೆಜ್ಜೆಯನ್ನೂ ಇಡಲಿಲ್ಲವೆನ್ನಬೇಕು.

ಇಲ್ಲಿ ನನ್ನ ಸ್ವಂತ ಅನುಭವವನ್ನು ಹೇಳಿದರೆ ವಾಚಕರು ಕ್ಷಮಿಸಬೇಕು. ಪಾಶ್ಚಾತ್ಯ ಸಂಗೀತವು ಕನ್ನಡ ನಾಡಿಗೆ ತೀರ ಅಪರಿಚಿತವೇನಲ್ಲ. ಮೈಸೂರಿನ ಜಯಚಾಮರಾಜ ಒಡೆಯರು ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದವರಾಗಿಯೂ ಪಾಶ್ಚಾತ್ಯ ಸಂಗೀತದಲ್ಲಿ ನುರಿತವರಾಗಿದ್ದರು. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೊನಿಯ ಸಂಗೀತ ಸಂಘಕ್ಕೆ ಅಧ್ಯಕ್ಷರಾದರು. ರಷ್ಯದ ಸಂಗೀತಕರ್ತ ನಿಕೊಲಾಯ್ ಮೆಟ್ನರನ ಕೃತಿಗಳು ಧ್ವನಿಮುದ್ರಿಕೆಗಳಾಗಿ ಉಳಿದುದು ಅವರ ದ್ರವ್ಯಸಹಾಯದಿಂದ. ಆದರೆ ಅರಮನೆಯ ಅಭಿರುಚಿಯು ಬೀದಿಗೆ ಇಳಿದು ಬರಲಿಲ್ಲ. ಒಂದೇ ರಾಗದ ಎಳೆಯನ್ನು ಹಿಡಿದು ನಡೆಯಲು ಕಲಿತ ನನ್ನ ಕಿವಿಗೆ ಮೊದಲ ಸಲ ಕೇಳಿದ ಸಿಂಫೊನಿಯು ಸಂತೆಯ ಗದ್ದಲದಂತೆಯೇ ಇದ್ದಿತು. ಎಲ್ಲರೂ ಒಟ್ಟಿಗೆ ಮಾತನಾಡುತ್ತಿದ್ದಾರೆ, ಯಾರ ಮಾತನ್ನು ಕೇಳಬೇಕು? ಮೇಲೆ ಹೇಳಿದ ವ್ಯಾಖ್ಯಾನದ ಚಿತ್ರವನ್ನು ನೋಡಿದ ಮೇಲೆ ನಾಲ್ಕು ಸ್ವರಗಳ ಆ ಮಾತು ಪಿಟೀಲಿನಿಂದ ಪಿಟೀಲಿಗೆ, ಅಲ್ಲಿಂದ ಕಹಳೆಗೆ, ಕಹಳೆಯಿಂದ ಚೆಲೋವಿಗೆ ಕೈಬದಲಾಗುವುದು ಕೇಳಿಸತೊಡಗಿತು. ಪಲ್ಲವಿಯ ಸಾಲೊಂದನ್ನು ಹಿಡಿದು ನಮ್ಮ ವಿದ್ವಾಂಸರು ನೆರವಲು ಮಾಡುವಾಗ ಆಗುವ ಆನಂದಕ್ಕೂ ಇದಕ್ಕೂ ದೂರವಿಲ್ಲವೆಂದು ತೋರಿತು. ತಿಳಿಯದವರಿಗೆ ಹೇಳಿ ಫಲವಿಲ್ಲವೆನ್ನುವವರಿಗೆ ನಾನು ಹೇಳಬಲ್ಲ ಉತ್ತರವು ಇಷ್ಟೆ: ನಾನು ತಿಳಿಯದವನಾಗಿದ್ದೆನು.

1958ರಲ್ಲಿ ಬರ್ನ್‌ಸ್ಟೈನನು ನ್ಯೂಯಾರ್ಕ್ ಫಿಲ್‌ಹಾರ್ಮೊನಿಕ್ ವೃಂದಕ್ಕೆ ಸಂಗೀತ ನಿರ್ದೇಶಕನಾದನು. ಅಮೆರಿಕದಲ್ಲಿಯೇ ಹುಟ್ಟಿದವರಲ್ಲಿ ಆ ಪೀಠವನ್ನೇರಿದ ಮೊದಲಿಗನು ಆತನೇ. ಅದೇ ವರ್ಷದ ಜನವರಿ 18ರಂದು ಮಕ್ಕಳಿಗಾಗಿ ದೂರದರ್ಶನದಲ್ಲಿ ಪ್ರಸಾರವಾಗುವ ಕಚೇರಿಗಳನ್ನು ಆತನು ಆರಂಭಿಸಿದನು. 1972ರ ತನಕ ಅಂಥ 53 ಕಚೇರಿಗಳು ನಡೆದವು. ಮೊದಲನೆಯ ದಿನದ ವಿಷಯ, ಸಂಗೀತದ ಅರ್ಥವೇನು ಎಂಬುದು. ದೊಡ್ಡ ಪಂಡಿತರು ಕೊನೆಗೆ ಮುಟ್ಟುವ ಪ್ರಶ್ನೆಯನ್ನು ಮಕ್ಕಳ ಮುಂದೆ ಮೊದಲ ದಿನವೇ ಇಟ್ಟುದರಲ್ಲಿಯೇ ಆತನ ಧೈರ್ಯವನ್ನು ಕಾಣಬಹುದು.

ಅಂದು ಆತನು ಮಾಡಿದ ಒಂದು ಚಮತ್ಕಾರವು ನನಗೆ ಬಹಳ ಪ್ರಿಯವಾದುದು. ಮಕ್ಕಳಿಗೆ ಆತನು ಒಂದು ಕಥೆ ಹೇಳಿದನು: ನಿರಪರಾಧಿಯೊಬ್ಬನು ಸೆರೆಮನೆಯಲ್ಲಿದ್ದಾನೆ, ಮಕ್ಕಳ ಚಿತ್ರಕಥೆಗಳ ಅತಿಮಾನುಷ ವೀರನಾದ ಸೂಪರ್‌ಮ್ಯಾನನು ಅವನನ್ನು ಬಿಡಿಸಲು ಬರುತ್ತಾನೆ, ಒಳಗೆ ಕೈದಿಗಳು ಗೊರಕೆ ಹೊಡೆಯುತ್ತಿದ್ದಾರೆ. ಕಥೆಗೆ ತಕ್ಕಂತೆ ವೃಂದವು ನುಡಿಸಿತು. ಗೊರಕೆಯ ಎಡೆಗೆ ಹಿತ್ತಾಳೆಯ ವಾದ್ಯಗಳು ಗೊರಗೊರನೆ ಸದ್ದು ಮಾಡಿದವು. ಎಲ್ಲವೂ ಸರಿಹೊಂದಿತು. ಆಮೇಲೆ ಆತನು, ಇದು ಈ ಸಂಗೀತದ ಕಥೆಯೇ ಅಲ್ಲ, ಇದು ಸ್ಟ್ರಾಸನ 'ಡಾನ್ ಕಿಹೋಟೆ' ಎಂದು ತಿಳಿಸಿ, ಆ ಹುಚ್ಚು ವೀರನು ಕುರಿಮಂದೆಯನ್ನು ಸೇನೆಯೆಂದು ಬಗೆದು ಮೇಲೆ ಬಿದ್ದ ಕಥೆಯನ್ನು ಹೇಳಿ, ಅದೇ ಸ್ವರಗಳನ್ನು ಮತ್ತೆ ನುಡಿಸಿದನು. ಗೊರಕೆಯಾಗಿದ್ದುದು ಈಗ ಕುರಿಗಳ ಕೂಗಾಯಿತು. ಇದೂ ಸರಿಹೊಂದಿತು! ಎರಡು ಕಥೆಗಳಿಗೂ ಸಲ್ಲುವ ಸಂಗೀತವು ಎರಡರಲ್ಲಿ ಯಾವುದರ ಸೊತ್ತೂ ಅಲ್ಲ. ಅದರ ಅರ್ಥವು ಸ್ವರಗಳ ನಡೆಯಲ್ಲಿಯೇ ಇದೆ. ತನ್ನ ಬಾಳನ್ನು ತಿರುಗಿಸಿದ 1943ರ ಆ ಮಧ್ಯಾಹ್ನದಲ್ಲಿ ನುಡಿಸಿದ ಕೃತಿಯನ್ನೇ ಆತನು ಈ ಪರೀಕ್ಷೆಗೆ ಒಡ್ಡಿದನು. ಆಯ್ಕೆಯು ಆಕಸ್ಮಿಕವೋ ಉದ್ದಿಷ್ಟವೋ, ಆ ಕೃತಿಯನ್ನು ಆತನು ಒಳಹೊರಗೆ ಬಲ್ಲವನಾಗಿದ್ದನೆಂಬುದು ಮಾತ್ರ ನಿಶ್ಚಯ.

ಇನ್ನು ಆಕ್ಷೇಪಣೆಗಳಿಗೆ ಬರೋಣ. ಆತನು ಪೀಠದ ಮೇಲೆ ಹಾರುತ್ತಿದ್ದನು, ಬಾಗುತ್ತಿದ್ದನು, ಮುಖದಲ್ಲಿ ನವರಸಗಳನ್ನೂ ತೋರಿಸುತ್ತಿದ್ದನು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವಿಮರ್ಶಕ ಹೆರಾಲ್ಡ್ ಶಾನ್‌ಬರ್ಗನು ಇದನ್ನು ವರ್ಷಗಟ್ಟಲೆ ಹಳಿದನು. ಅಂಗುಲವನ್ನು ಮೀರದ ರೈನರನ ಶಿಷ್ಯನು ಹೀಗಾದನಲ್ಲಾ ಎಂದು ಯಾರಿಗಾದರೂ ಅನಿಸಬಹುದು. ಸಭೆಯನ್ನು ಮರುಳುಮಾಡುವ ಆಸೆಯು ಆತನಲ್ಲಿ ಇರಲಿಲ್ಲವೆಂದು ನಾನು ವಾದಿಸಲಾರೆ. ಆದರೆ ಆ ಕುಣಿತವನ್ನು ವೃಂದದ ಕಡೆಯಿಂದ ನೋಡಿದರೆ ಅದೂ ಒಂದು ವ್ಯಾಖ್ಯಾನವೇ. ಕುಣಿತವು ಹೆಚ್ಚಾದಾಗಲೂ ವಾದಕರು ದಾರಿ ತಪ್ಪಿದುದಿಲ್ಲ. ಅಂದಮೇಲೆ ಅದರ ಕೆಳಗೆ ತಾಳವು ಭದ್ರವಾಗಿದ್ದಿತೆಂದು ಒಪ್ಪಬೇಕು.

ಮಾತಿನ ವಿಷಯದಲ್ಲಿ ಆತನು ಎಡವಿದ ಸಂದರ್ಭಗಳೂ ಇವೆ. 1959ರಲ್ಲಿ ಸೋವಿಯತ್ ರಷ್ಯಕ್ಕೆ ಹೋದಾಗ ಮಾಸ್ಕೋವಿನಲ್ಲಿ ಚಾರ್ಲ್ಸ್ ಐವ್ಸನ ಒಂದು ಸಣ್ಣ ಕೃತಿಗೆ ಪೀಠಿಕೆ ಹೇಳಿ ಎರಡು ಸಲ ನುಡಿಸಿದುದಕ್ಕೆ ಅಲ್ಲಿನ ವಿಮರ್ಶಕನೊಬ್ಬನು ಸಿಟ್ಟಾದನು. ಅದನ್ನು ದೋಷವೆನ್ನಲು ನನಗೆ ಮನಸ್ಸಿಲ್ಲ. 1962ರ ಏಪ್ರಿಲ್ 6ರಂದು ನಡೆದುದು ಬೇರೆ. ಗ್ಲೆನ್ ಗೂಲ್ಡನೆಂಬ ಕೆನಡದ ಪಿಯಾನೊ ವಾದಕನು ಬ್ರಾಮ್ಸನ ಮೊದಲನೆಯ ಪಿಯಾನೊ ಕನ್ಚೆರ್ಟೊವನ್ನು ಅತಿ ವಿಳಂಬದಲ್ಲಿ ನುಡಿಸಲು ನಿಶ್ಚಯಿಸಿದ್ದನು. ಬರ್ನ್‌ಸ್ಟೈನನು ಸಭೆಗೆ ತಿರುಗಿ, ಈ ಗತಿಯು ತನಗೆ ಸಮ್ಮತವಲ್ಲವೆಂದೂ, ಆದರೂ ಕಲಾವಿದನ ಮೇಲಣ ಗೌರವದಿಂದ ನಡೆಸುತ್ತಿರುವೆನೆಂದೂ ಹೇಳಿದನು. ನಗುನಗುತ್ತ ಸ್ನೇಹದಿಂದಲೇ ಹೇಳಿದನು. ಗೂಲ್ಡನೂ ಮುಂಚಿತವಾಗಿ ಒಪ್ಪಿದ್ದನು. ಆದರೂ ಕೇಳುವವರ ಕಿವಿಯನ್ನು ಆ ಮಾತು ಮೊದಲೇ ಒಂದು ಕಡೆಗೆ ವಾಲಿಸಿತು. ಬೇಥೋವನ್ನನ ಕರಡುಗಳನ್ನು ಕೇಳಿಸಿ ನಿರ್ಣಯವನ್ನು ಸಭೆಗೆ ಬಿಟ್ಟವನು ಇಲ್ಲಿ ನಿರ್ಣಯವನ್ನು ಹೇಳಿ ಆಮೇಲೆ ಕೇಳಿಸಿದನು. ವಿಪರ್ಯಾಸವೆಂದರೆ, 1983ರಲ್ಲಿ ಕ್ರಿಸ್ಟಿಯನ್ ಜಿಮರ್ಮನನೊಡನೆ ಅದೇ ಕೃತಿಯನ್ನು ವಿಯೆನ್ನಾದಲ್ಲಿ ನಡೆಸಿದಾಗ ಆತನ ಗತಿಯೂ ಬಹು ವಿಳಂಬವಾಗಿಯೇ ಇದ್ದಿತು. ವಯಸ್ಸಾದಂತೆ ಆತನು ಎಲ್ಲವನ್ನೂ ನಿಧಾನಗೊಳಿಸುತ್ತ ಹೋದನು. 1982ರಲ್ಲಿ ಲಂಡನ್ನಿನ ಬಿ.ಬಿ.ಸಿ. ವೃಂದದೊಡನೆ ನಡೆಸಿದ ಎಲ್ಗರನ 'ಎನಿಗ್ಮ' ಕೃತಿಯ 'ನಿಮ್ರಾಡ್' ಭಾಗವನ್ನು ಕೇಳಿದರೆ ಒಂದೊಂದು ಸ್ವರಕ್ಕೂ ಟಿಪ್ಪಣಿ ಬರೆದಂತಿದೆ. ಅದರ ಭವ್ಯತೆಯನ್ನು ಅಲ್ಲಗಳೆಯುವಂತಿಲ್ಲ, ಅದರ ಭಾರವನ್ನೂ ಅಲ್ಲಗಳೆಯುವಂತಿಲ್ಲ. ದೇವಸ್ಥಾನದ ಪ್ರಾಂಗಣದ ಮುಕ್ಕಾಲು ಗಂಟೆಯು ನನಗೆ ಅಲ್ಲಿ ನೆನಪಾಯಿತು.

ಈ ಜೀವನಕ್ಕೆ ತೆತ್ತ ಬೆಲೆಯೂ ಉಂಟು. 1957ರ 'ವೆಸ್ಟ್ ಸೈಡ್ ಸ್ಟೋರಿ' ಎಂಬ ಸಂಗೀತ ನಾಟಕವೊಂದೇ ಆತನ ಹೆಸರನ್ನು ಉಳಿಸಲು ಸಾಕು. ಆದರೆ 1958ರಿಂದ 1969ರ ವರೆಗೆ ಫಿಲ್‌ಹಾರ್ಮೊನಿಕ್ ನಿರ್ದೇಶಕನಾಗಿದ್ದ ಕಾಲದಲ್ಲಿ ಆತನು ಮುಗಿಸಿದ ದೊಡ್ಡ ರಚನೆಗಳು ಎರಡು ಮಾತ್ರ: 1963ರ 'ಕಡ್ಡಿಶ್' ಸಿಂಫೊನಿ, 1965ರ 'ಚಿಚೆಸ್ಟರ್ ಸಾಮ್ಸ್'. ಎರಡನೆಯದನ್ನು ಬರೆಯಲು ವೃಂದದಿಂದ ಒಂದು ವರ್ಷ ರಜೆ ಪಡೆಯಬೇಕಾಯಿತು. ಪರರ ಕೃತಿಗಳಿಗೆ ಭಾಷ್ಯ ಬರೆಯುತ್ತ ಸ್ವಂತ ಕಾವ್ಯಕ್ಕೆ ಹೊತ್ತಿಲ್ಲದಾದ ಪಂಡಿತರು ನಮ್ಮಲ್ಲಿಯೂ ಇದ್ದಾರೆ.

1973ರಲ್ಲಿ ತಾನು ಓದಿದ ಹಾರ್ವರ್ಡ್ ವಿದ್ಯಾಲಯದಲ್ಲಿಯೇ ಆತನು ನಾರ್ಟನ್ ಉಪನ್ಯಾಸಮಾಲೆಯ ಆರು ಉಪನ್ಯಾಸಗಳನ್ನು ಕೊಟ್ಟನು. ಮಾಸ್ಕೋವಿನಲ್ಲಿ ಎರಡು ಸಲ ನುಡಿಸಿದ ಐವ್ಸನ ಆ ಕೃತಿಯ ಹೆಸರನ್ನೇ, ಉತ್ತರ ಬಾರದ ಪ್ರಶ್ನೆ ಎಂಬರ್ಥದ ಆ ಹೆಸರನ್ನೇ, ಉಪನ್ಯಾಸಗಳಿಗೂ ಇಟ್ಟನು. ನೋಮ್ ಚಾಮ್‌ಸ್ಕಿಯ ಭಾಷಾಶಾಸ್ತ್ರವು ಆಗ ಹೊಸ ಹುರುಪಿನಲ್ಲಿದ್ದಿತು. ಮನುಷ್ಯರ ಭಾಷೆಗಳೆಲ್ಲಕ್ಕೂ ಒಳಗೆ ಒಂದೇ ವ್ಯಾಕರಣವಿರುವಂತೆ ಸಂಗೀತಗಳೆಲ್ಲಕ್ಕೂ ಒಂದು ಇರಬೇಕೆಂದು ಬರ್ನ್‌ಸ್ಟೈನನ ಪ್ರತಿಜ್ಞೆ. ತಂತಿಯೊಂದನ್ನು ಮೀಟಿದರೆ ಆಧಾರ ಸ್ವರದೊಡನೆ ಅದರೊಳಗಿಂದಲೇ ಹುಟ್ಟುವ ಮೇಲಿನ ಸ್ವರಗಳ ಸಾಲೇ ಆ ವ್ಯಾಕರಣಕ್ಕೆ ಮೂಲವೆಂದು ಆತನು ಹೇಳಿದನು. ಇದು ನಮಗೆ ಹೊಸತಲ್ಲ. ಚೆನ್ನಾಗಿ ಶ್ರುತಿ ಕೂಡಿದ ತಂಬೂರಿಯಲ್ಲಿ ಯಾರೂ ಮೀಟದ ಅಂತರ ಗಾಂಧಾರವು ತಾನಾಗಿ ಕೇಳಿಬರುವುದನ್ನೂ, ಅದನ್ನು ಸ್ವಯಂಭೂ ಎಂದು ನಮ್ಮವರು ಕರೆದುದನ್ನೂ ಸಂಗೀತಾಭ್ಯಾಸವುಳ್ಳ ಮನೆಗಳಲ್ಲಿ ಮಕ್ಕಳೂ ಬಲ್ಲರು. ಆದರೆ ತಂಬೂರಿಯು ಅಂತರ ಗಾಂಧಾರವನ್ನು ಹಾಡುತ್ತಿರುವಾಗಲೇ ಅದರ ಮುಂದೆ ಕುಳಿತ ವಿದ್ವಾಂಸನು ಸಾಧಾರಣ ಗಾಂಧಾರದ ತೋಡಿಯನ್ನು ಹಾಡುತ್ತಾನೆ. ಯಾರ ಕಿವಿಗೂ ಅದು ಪ್ರಕೃತಿವಿರುದ್ಧವೆನಿಸುವುದಿಲ್ಲ. ಎಪ್ಪತ್ತೆರಡು ಮೇಳಗಳನ್ನು ಕಟ್ಟಿಕೊಂಡವರು ಪ್ರಕೃತಿಯು ಕೊಟ್ಟುದನ್ನು ಆರಂಭವೆಂದು ಒಪ್ಪಿಯಾರು, ಕಟ್ಟಳೆಯೆಂದು ಒಪ್ಪಲಾರರು. ಸ್ವರಗುಚ್ಛವು ವಿಶೇಷಣ, ಲಯವು ಕ್ರಿಯಾಪದ ಎಂಬಂಥ ಹೋಲಿಕೆಗಳನ್ನು ಆತನು ಹೂಡಿದಾಗಲಂತೂ ಉಪಮಾನವು ಉಪಮೇಯವನ್ನು ನುಂಗಿಬಿಡುತ್ತದೆ. ಮಲ್ಲಿನಾಥನ ಪ್ರತಿಜ್ಞೆಯು ಇಲ್ಲಿ ಮುರಿಯಿತು.

ಹಾಗೆಂದು ಆ ಆರು ಉಪನ್ಯಾಸಗಳನ್ನು ತಳ್ಳಿಹಾಕುವುದು ಅನ್ಯಾಯ. ಎರಡನೆಯದರಲ್ಲಿ ಮೊಟ್ಸಾರ್ಟನ ನಲವತ್ತನೆಯ ಸಿಂಫೊನಿಯ ಮೊದಲ ಸಾಲುಗಳನ್ನೆತ್ತಿಕೊಂಡು, ಅವು ಎಲ್ಲಿಯೂ ಓರೆಯಿಲ್ಲದೆ ಸಮಸಮನಾಗಿದ್ದರೆ ಹೇಗಿರುತ್ತಿದ್ದುವೆಂದು ತಾನೇ ಒಂದು ಪಾಠವನ್ನು ಕಟ್ಟಿ ಕೇಳಿಸುತ್ತಾನೆ. ಗಣವು ತಪ್ಪದ, ಜೀವವಿಲ್ಲದ ಪದ್ಯದಂಥ ಸಂಗೀತ ಅದು. ಅದರ ಮೇಲೆ ಮೊಟ್ಸಾರ್ಟನು ಬರೆದುದನ್ನು ನುಡಿಸಿದಾಗ, ಎಲ್ಲಿ ಏನನ್ನು ಬಿಟ್ಟು ಏನನ್ನು ಮೊಟಕುಗೊಳಿಸಿ ಆತನು ಆ ತವಕವನ್ನು ಹುಟ್ಟಿಸಿದನೆಂಬುದು ಹೊಳೆಯುತ್ತದೆ. ಚಾಮ್‌ಸ್ಕಿಯ ಹೆಸರು ಇಲ್ಲದಿದ್ದರೂ ಈ ಪಾಠವು ನಿಲ್ಲುತ್ತದೆ. 1954ರ ಹಳೆಯ ಕೈವಾಡವೇ ಇದು. ಶಾಸ್ತ್ರದ ಭಾಗವೂ ನಿಷ್ಫಲವಾಗಲಿಲ್ಲವೆಂಬುದನ್ನು ಸೇರಿಸಿ ಹೇಳಬೇಕು. ಆ ಉಪನ್ಯಾಸಗಳಿಂದ ಹೊರಟ ಚರ್ಚೆಯಲ್ಲಿ ತೊಡಗಿದ ಫ್ರೆಡ್ ಲೆರ್ಡಾಲ್ ಎಂಬ ಸಂಗೀತಕರ್ತನೂ ರೇ ಜಾಕೆಂಡಾಫ್ ಎಂಬ ಭಾಷಾಶಾಸ್ತ್ರಜ್ಞನೂ ಕೂಡಿ 1983ರಲ್ಲಿ ಪ್ರಕಟಿಸಿದ ಗ್ರಂಥವು ಈ ಕ್ಷೇತ್ರದ ವಿದ್ವಾಂಸರಿಗೆ ಇಂದಿಗೂ ಆಧಾರಗ್ರಂಥವಾಗಿದೆ.

ಮಕ್ಕಳಿಗೆ ಸಂಗೀತದಲ್ಲಿ ಕಥೆಯಿಲ್ಲವೆಂದು ಕಲಿಸಿದವನು ತಾನು ಮಾತ್ರ ಕಥೆಯನ್ನು ಬಿಡಲಾರದೆ ಹೋದನು. ಗುಸ್ತಾವ್ ಮಾಲರನ ಸಿಂಫೊನಿಗಳನ್ನು ಅಮೆರಿಕದ ಸಾಮಾನ್ಯ ಶ್ರೋತೃಗಳಿಗೆ ಮುಟ್ಟಿಸಿದವರಲ್ಲಿ ಬರ್ನ್‌ಸ್ಟೈನನ ಹೆಸರು ಮುಂದೆ ನಿಲ್ಲುತ್ತದೆ. 1960ರ ದಶಕದಲ್ಲಿ ಆತನು ಮಾಡಿದ ಆ ಕೃತಿಗಳ ಧ್ವನಿಮುದ್ರಿಕೆಗಳು ಅನೇಕರಿಗೆ ಮಾಲರನ ಮೊದಲ ಪರಿಚಯ. 1963ರ ನವೆಂಬರಿನಲ್ಲಿ ಅಧ್ಯಕ್ಷ ಕೆನೆಡಿಯು ಹತನಾದ ಎರಡು ದಿನಗಳಲ್ಲಿಯೇ ದೂರದರ್ಶನದಲ್ಲಿ ಆತನು ನಡೆಸಿದುದು ಮಾಲರನ ಎರಡನೆಯ ಸಿಂಫೊನಿಯನ್ನು. ಆದರೆ ಒಂಬತ್ತನೆಯ ಸಿಂಫೊನಿಯಲ್ಲಿ ಮಾಲರನು ತನ್ನ ಮರಣವನ್ನೂ, ಸಂಗೀತಪದ್ಧತಿಯೊಂದರ ಮರಣವನ್ನೂ, ಒಂದು ನಾಗರಿಕತೆಯ ಮರಣವನ್ನೂ ಮುಂಗಂಡನೆಂದು ಹಾರ್ವರ್ಡಿನಲ್ಲಿ ಆತನು ಹೇಳಿದಾಗ, ಗೊರಕೆಯೋ ಕುರಿಯೋ ಎಂದು ನಕ್ಕ ಮಕ್ಕಳು ಅಲ್ಲಿದ್ದಿದ್ದರೆ ಏನು ಕೇಳುತ್ತಿದ್ದರು? ಬರ್ಲಿನ್ನಿನ ಗೋಡೆಯು ಬಿದ್ದ ಮೇಲೆ, 1989ರ ಡಿಸೆಂಬರ್ 25ರಂದು ಆ ನಗರದಲ್ಲಿ ಬೇಥೋವನ್ನನ ಒಂಬತ್ತನೆಯ ಸಿಂಫೊನಿಯನ್ನು ನಡೆಸುವಾಗ, ಕೊನೆಯ ಭಾಗದ ಹಾಡಿನಲ್ಲಿ ಷಿಲ್ಲರನು ಆನಂದವೆಂದು ಬರೆದ ಪದವನ್ನು ತೆಗೆದು ಸ್ವಾತಂತ್ರ್ಯವೆಂಬ ಪದವನ್ನು ಹಾಡಿಸಿದನು. ಮೂಲದ ಅಕ್ಷರವನ್ನೇ ತಿದ್ದಿದ ವ್ಯಾಖ್ಯಾನವಿದು. ಶಾಸ್ತ್ರದೃಷ್ಟಿಯಿಂದ ನಾನು ಇದನ್ನು ಒಪ್ಪುವಂತಿಲ್ಲ. ಆದರೂ ಆ ಮುದ್ರಿಕೆಯನ್ನು ಕೇಳುವಾಗ, ಎರಡು ಜರ್ಮನಿಗಳ ವಾದಕರೂ ಗೋಡೆ ಕಟ್ಟಿದ ಕಾಲದ ನಾಲ್ಕು ರಾಜ್ಯಗಳ ವೃಂದಗಳಿಂದ ಬಂದ ವಾದಕರೂ ಒಂದಾಗಿ ಆ ಪದವನ್ನು ಹೊತ್ತು ನಡೆಯುವಾಗ, ತಿದ್ದಿದವನ ಮೇಲೆ ಕೋಪ ಮಾಡಿಕೊಳ್ಳಲು ನನ್ನಿಂದ ಆಗಿಲ್ಲ. ವಿಮರ್ಶಕನ ದೌರ್ಬಲ್ಯವೆಂದು ವಾಚಕರು ಎಣಿಸಿದರೆ ಎಣಿಸಲಿ.

ಆತನ ಕೊನೆಯ ಕಚೇರಿಯು 1990ರ ಆಗಸ್ಟ್ 19ರಂದು, ಐವತ್ತು ವರ್ಷ ಹಿಂದೆ ತಾನು ಶಿಷ್ಯನಾಗಿ ಬಂದಿದ್ದ ಟ್ಯಾಂಗಲ್‌ವುಡ್ಡಿನಲ್ಲಿಯೇ ನಡೆಯಿತು. ಕೊನೆಯ ಕೃತಿ ಬೇಥೋವನ್ನನ ಏಳನೆಯ ಸಿಂಫೊನಿ. ಶ್ವಾಸಕೋಶದ ರೋಗವು ಬಲಿತಿದ್ದಿತು. ಮೂರನೆಯ ಭಾಗದಲ್ಲಿ ಕೆಮ್ಮು ಬಂದು ನಿಲ್ಲದೆ ಹೋದಾಗ ಆತನು ಬೆನ್ನ ಹಿಂದಣ ಕಟಕಟೆಗೆ ಒರಗಿದನು. ಕೈಗಳು ಬಹುಮಟ್ಟಿಗೆ ನಿಂತವು. ಬಾಸ್ಟನ್ ವೃಂದದವರು ಲಿಪಿಯನ್ನೂ ಆತನ ಮುಖವನ್ನೂ ನೋಡುತ್ತ ನುಡಿಸುತ್ತಲೇ ಹೋದರು. ಅಕ್ಟೋಬರ್ 14ರಂದು ಆತನು ತೀರಿಕೊಂಡನು. ಆ ಕಚೇರಿಯ ಧ್ವನಿಮುದ್ರಿಕೆಯು ದೊರೆಯುತ್ತದೆ. ಗತಿಯು ತೀರ ವಿಳಂಬ. ಅಲ್ಲಲ್ಲಿ ತಂತಿಗಳು ಒಂದರೊಡನೊಂದು ಕೂಡುವುದಿಲ್ಲ. ಮೂರನೆಯ ಭಾಗದಲ್ಲಿ ತಾಳವು ಎಲ್ಲಿಯೂ ಬೀಳುವುದಿಲ್ಲ.